ಕೆರೆಯೆಂಬ ಸಂತಾನ: ಮುಂದಿನ ತಲೆಮಾರಿನ ಹೊಣೆ ಮತ್ತು ಕನ್ನಡ ನಾಡಿನ ಜಲಪರಂಪರೆ

ಪರಿಸರವನ್ನು ಕುರಿತ ಆಧುನಿಕ ಚಿಂತನೆಯಲ್ಲಿ ‘ಮುಂದಿನ ಪೀಳಿಗೆ’ ಎಂಬ ಪರಿಕಲ್ಪನೆಗೆ ಪ್ರಮುಖ ಸ್ಥಾನವಿದೆ. 1972ರ ಸ್ಟಾಕ್‌ಹೋಮ್ ಸಮ್ಮೇಳನವು ಇಂದಿನ ಹಾಗೂ ಮುಂದಿನ ಪೀಳಿಗೆಗಳಿಗಾಗಿ ಪರಿಸರವನ್ನು ಕಾಪಾಡುವುದು ಮನುಷ್ಯನ ಹೊಣೆಯೆಂದು ಘೋಷಿಸಿತು. 1987ರಲ್ಲಿ ಬ್ರಂಟ್‌ಲ್ಯಾಂಡ್ ಆಯೋಗವು ತನ್ನ ವರದಿಯಲ್ಲಿ ಸುಸ್ಥಿರ ಅಭಿವೃದ್ಧಿಯನ್ನು ವಿವರಿಸುವಾಗ, ಮುಂದೆ ಬರುವವರ ಅಗತ್ಯಗಳಿಗೆ ಕುಂದು ತಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳಬೇಕೆಂಬ ತತ್ತ್ವವನ್ನು ಮುಂದಿಟ್ಟಿತು. 1990ರ ದಶಕದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೂ ತನ್ನ ತೀರ್ಪುಗಳಲ್ಲಿ ತಲೆಮಾರುಗಳ ನಡುವಣ ನ್ಯಾಯವೆಂಬ ತತ್ತ್ವವನ್ನು ಮಾನ್ಯಮಾಡಿತು.

ಈ ತತ್ತ್ವದೊಳಗೊಂದು ತೊಡಕಿದೆ. ಲೋಕದ ಬಹುತೇಕ ಕರ್ತವ್ಯಗಳು ಕೊಡುಕೊಳೆಯ ಸಂಬಂಧದಲ್ಲಿ ಹುಟ್ಟುವಂಥವು. ಉಪಕಾರ ಮಾಡಿದವನಿಗೆ ಪ್ರತ್ಯುಪಕಾರ, ಸಾಲ ಕೊಟ್ಟವನಿಗೆ ಮರುಪಾವತಿ ಎಂಬುದು ಅವುಗಳ ನಿಯಮ. ಇನ್ನೂ ಹುಟ್ಟದವರು ಏನನ್ನೂ ಕೊಟ್ಟಿಲ್ಲ. ಕೇಳಲು ಅವರಿಗೆ ಬಾಯಿಲ್ಲ. ಪಡೆದುದನ್ನು ಹಿಂದಿರುಗಿಸಲೂ ಅವರಿಂದಾಗದು. ಅಂಥವರಿಗೆ ಇಂದಿನವರು ಯಾವ ನ್ಯಾಯದಿಂದ ಬದ್ಧರು? ತತ್ತ್ವಶಾಸ್ತ್ರಜ್ಞರೂ ನ್ಯಾಯವೇತ್ತರೂ ಇಂದು ಎತ್ತುತ್ತಿರುವ ಈ ಪ್ರಶ್ನೆಯನ್ನು ಕನ್ನಡ ನಾಡಿನ ಜನಸಮುದಾಯಗಳು ಬೇರೊಂದು ಭಾಷೆಯಲ್ಲಿ, ಬೇರೊಂದು ಸಂದರ್ಭದಲ್ಲಿ ಎದುರಿಸಿದ್ದವು. ಆ ಸಂದರ್ಭವೆಂದರೆ ಕೆರೆ. ಕೆರೆಯನ್ನು ಕಟ್ಟಿದವರ, ಕಾಯ್ದವರ ಮತ್ತು ಕೆರೆಗಾಗಿ ಪ್ರಾಣ ತೆತ್ತವರ ಕಥನಗಳು ಶಾಸನಗಳಲ್ಲಿಯೂ ಜನಪದ ಸಾಹಿತ್ಯದಲ್ಲಿಯೂ ಉಳಿದುಬಂದಿವೆ. ಈ ಎರಡೂ ಆಕರಗಳನ್ನು ಒಟ್ಟಿಗಿರಿಸಿ, ಮುಂದಿನವರ ಕುರಿತ ಹೊಣೆಯ ಸ್ವರೂಪವನ್ನೂ ಅದರ ಮಿತಿಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಪ್ತಸಂತಾನದ ಪರಿಕಲ್ಪನೆ

ಕನ್ನಡ ನಾಡಿನಲ್ಲಿ ಕೆರೆ ನಿರ್ಮಾಣದ ಇತಿಹಾಸವು ಲಿಖಿತ ಇತಿಹಾಸದಷ್ಟೇ ಹಳೆಯದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಕೆರೆಯೊಂದಕ್ಕೆ ಸಂಬಂಧಿಸಿದುದಾಗಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕಾಕುತ್ಸ್ಥವರ್ಮನು ಶಿವಾಲಯದ ಬಳಿ ಕೆರೆಯನ್ನು ನಿರ್ಮಿಸಿದುದನ್ನು ಕೊಂಡಾಡುತ್ತದೆ. ಗಂಗ, ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳ, ವಿಜಯನಗರ ಕಾಲಗಳುದ್ದಕ್ಕೂ ಅರಸರು ಮಾತ್ರವಲ್ಲದೆ ಗಾವುಂಡರು, ಮಹಾಜನರು, ವರ್ತಕರು ಹಾಗೂ ಮಹಿಳೆಯರು ಕೆರೆಗಳನ್ನು ಕಟ್ಟಿಸಿದ ದಾಖಲೆಗಳು ಸಿಗುತ್ತವೆ.

ಕೆರೆಯ ಮಹತ್ವವನ್ನು ಹೇಳುವಾಗ ಶಾಸನಗಳು ಬಳಸುವ ಪರಿಕಲ್ಪನೆಗಳಲ್ಲಿ ‘ಸಪ್ತಸಂತಾನ’ ಮುಖ್ಯವಾದುದು. ಮಗ, ಕೆರೆ, ನಿಧಿ, ಅಗ್ರಹಾರ, ದೇವಾಲಯ, ಉಪವನ ಮತ್ತು ಕಾವ್ಯಕೃತಿ ಎಂಬ ಏಳು ಒಬ್ಬ ವ್ಯಕ್ತಿಯ ಸಂತಾನಗಳೆಂಬುದು ಇದರ ತಿರುಳು. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಹಾಕಿಸಿದ ಪೋರುಮಾಮಿಳ್ಳ ಶಾಸನವು ಈ ದೃಷ್ಟಿಯಿಂದ ಉಲ್ಲೇಖನೀಯ. ಇಂದು ಆಂಧ್ರಪ್ರದೇಶದ ಕಡಪ ಸೀಮೆಯಲ್ಲಿರುವ ಈ ಸಂಸ್ಕೃತ ಶಾಸನವು ಕೆರೆ ನಿರ್ಮಾಣವನ್ನು ಏಳು ಸಂತಾನಗಳ ಸಾಲಿನಲ್ಲಿರಿಸುತ್ತದೆ. ಉತ್ತಮ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಪಟ್ಟಿಮಾಡುತ್ತದೆ. ಸಾವಿರ ಮಂದಿ ಆಳುಗಳು ಮತ್ತು ನೂರು ಬಂಡಿಗಳು ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದರೆಂಬ ವಿವರವೂ ಅದರಲ್ಲಿದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಿದ್ದು ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಿದ್ದು ನೀರು ಹೆಚ್ಚಾಗಿರುವುದು ಎಂಬ ದೋಷಗಳ ಜೊತೆಗೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯನ್ನು ಕಟ್ಟುವುದೂ ದೋಷವೆಂದು ಹೇಳಿರುವುದು ಗಮನಾರ್ಹ. ಯಾರ ಹೊಣೆಯೆಂಬುದು ನಿಶ್ಚಯವಾಗದ ಜಾಗದಲ್ಲಿ ಕೆರೆ ಬಾಳದೆಂಬ ಲೋಕಾನುಭವ ಇದರ ಹಿಂದಿರುವಂತೆ ತೋರುತ್ತದೆ.

ಕೆರೆಯನ್ನು ಮಗನ ಸಾಲಿನಲ್ಲಿಟ್ಟು ನೋಡುವುದು ಬರಿಯ ಅಲಂಕಾರದ ಮಾತಲ್ಲ. ಪರಂಪರೆಯ ನಂಬಿಕೆಯಂತೆ ಮನುಷ್ಯನು ಹುಟ್ಟುವಾಗಲೇ ಋಣಿ. ಹಿರಿಯರಿಂದ ಪಡೆದುದನ್ನು ಹಿರಿಯರಿಗೇ ಹಿಂದಿರುಗಿಸಲು ಸಾಧ್ಯವಿಲ್ಲ, ಅವರು ಹೋಗಿಬಿಟ್ಟಿರುತ್ತಾರೆ. ಆದುದರಿಂದ ಪಿತೃಋಣವು ಸಂತಾನದ ಮೂಲಕ, ಎಂದರೆ ಮುಂದಿನವರ ಮೂಲಕ ತೀರಬೇಕು. ಜನರ ಆಡುಮಾತಿನಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಅನ್ನನೀರಿನ ಋಣ’ ಎಂಬ ಪ್ರಯೋಗವೂ ಇದೇ ಭಾವನೆಯಿಂದ ಬಂದುದು. ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ. ಹುಟ್ಟದವರು ಏನನ್ನೂ ಕೊಟ್ಟಿಲ್ಲವೆಂಬುದು ನಿಜ. ಆದರೆ ಇಂದಿನವರು ತೀರಿಸಬೇಕಾಗಿರುವುದು ಹಿಂದಿನವರ ಸಾಲವನ್ನು. ಅದನ್ನು ಪಡೆಯುವ ಹಕ್ಕುದಾರರು ಮುಂದೆ ಬರುವವರು. ಹೆತ್ತ ಮಕ್ಕಳಿಗೆ ಸೀಮಿತವಾಗಬಹುದಾಗಿದ್ದ ಈ ಋಣವನ್ನು ಸಪ್ತಸಂತಾನದ ಕಲ್ಪನೆಯು ಊರಿನ ಎಲ್ಲರ ಮಕ್ಕಳಿಗೂ ವಿಸ್ತರಿಸಿತು. ಮಗನಿಂದ ಒಂದು ಮನೆತನ ಮುಂದುವರಿದರೆ ಕೆರೆಯಿಂದ ಒಂದು ಊರು ಮುಂದುವರಿಯುತ್ತದೆ.

ವಿಜಯನಗರದ ಒಂದನೆಯ ದೇವರಾಯನ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವು ಇದೇ ಆಶಯವನ್ನು ಮನೆಯೊಳಗಿನ ಚಿತ್ರವನ್ನಾಗಿಸಿದೆ. ತಾಯಿಯು ಮಗುವಿಗೆ ಹಾಲೂಡುವಾಗಲೇ ಕೆರೆ ಕಟ್ಟಿಸಬೇಕು, ಬಾವಿ ತೋಡಿಸಬೇಕು, ದೇಗುಲ ಮಾಡಿಸಬೇಕು, ಅನಾಥರಿಗೆ ಆಸರೆಯಾಗಬೇಕು ಎಂದು ಕಿವಿಯಲ್ಲಿ ಹೇಳಿದಳೆಂಬುದು ಅದರ ಸಾರಾಂಶ. ಹೊಣೆಯ ಅರಿವು ಎದೆಹಾಲಿನೊಡನೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಬೇಕೆಂಬ ಈ ಕಲ್ಪನೆಯು ಲಾಲಿಹಾಡು, ಜೋಗುಳಗಳ ಮೌಖಿಕ ಪರಂಪರೆಗೆ ತೀರ ಹತ್ತಿರವಾದುದು.

ಮುಂದಿನವರಿಗೆ ಶಾಸನಗಳ ಮಾತು

ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ಸಾಮಾನ್ಯವಾಗಿ ರೂಢಿಗತ ಪಠ್ಯವೆಂದು ಪರಿಗಣಿಸಿ ಅಧ್ಯಯನಕಾರರು ಬದಿಗಿರಿಸುವುದುಂಟು. ಮುಂದಿನ ತಲೆಮಾರಿನ ದೃಷ್ಟಿಯಿಂದ ನೋಡಿದರೆ ಶಾಸನದ ನೈತಿಕ ತಿರುಳು ಇರುವುದು ಆ ಭಾಗದಲ್ಲಿಯೇ. ‘ಆಚಂದ್ರಾರ್ಕ’ ಎಂಬ ಪದವು ದಾನದ ಅವಧಿಯನ್ನು ಚಂದ್ರಸೂರ್ಯರು ಇರುವವರೆಗೆ ಎಂದು ನಿಗದಿಪಡಿಸುತ್ತದೆ. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿದ ಸೂರ್ಯಚಂದ್ರರ ಆಕೃತಿಗಳು ಅಕ್ಷರ ಬಾರದವರಿಗೂ ಅದೇ ಮಾತನ್ನು ತಿಳಿಸುತ್ತವೆ. ಮುಂದೆ ಬರಲಿರುವ ಅರಸರನ್ನು ನೇರವಾಗಿ ಸಂಬೋಧಿಸಿ, ಧರ್ಮದ ಈ ಸೇತುವೆ ಎಲ್ಲರಿಗೂ ಸಮಾನವಾದುದರಿಂದ ಅದನ್ನು ಕಾಲಕಾಲಕ್ಕೆ ಕಾಪಾಡಬೇಕೆಂದು ಶ್ರೀರಾಮನು ಬೇಡಿಕೊಳ್ಳುವಂತೆ ರಚಿತವಾದ ಶ್ಲೋಕವು ಅಸಂಖ್ಯ ಶಾಸನಗಳಲ್ಲಿ ಪುನರಾವರ್ತಿತವಾಗಿದೆ. ದಾನ ಮಾಡುವುದು ಹೆಚ್ಚೋ, ಇತರರು ಮಾಡಿದ ದಾನವನ್ನು ಪಾಲಿಸುವುದು ಹೆಚ್ಚೋ ಎಂಬ ಪ್ರಶ್ನೆಯನ್ನೆತ್ತಿ, ಪಾಲನೆಯೇ ಹೆಚ್ಚೆಂದು ತೀರ್ಮಾನಿಸುವ ಶ್ಲೋಕವೂ ಅಷ್ಟೇ ಪ್ರಚುರವಾದುದು. ಕಟ್ಟಿದವನಿಗಿಂತ ಕಾಯುವವನು ದೊಡ್ಡವನೆಂಬ ಈ ನಿಲುವು ಕೆರೆಯ ಮಟ್ಟಿಗೆ ಅಕ್ಷರಶಃ ಸತ್ಯ. ಏಕೆಂದರೆ ಕಟ್ಟುವ ಕೆಲಸ ಒಮ್ಮೆ ಮುಗಿಯುತ್ತದೆ. ಕಾಯುವ ಕೆಲಸ ಮುಗಿಯುವುದೇ ಇಲ್ಲ.

ಶಾಪವು ಎಲ್ಲರನ್ನೂ ತಡೆಯಲಾರದೆಂಬುದು ಶಾಸನ ಬರೆಸಿದವರಿಗೂ ತಿಳಿದಿತ್ತು. ಆದುದರಿಂದ ಅವರು ನಂಬಿಕೆಯ ಜೊತೆಗೆ ಆದಾಯದ ಏರ್ಪಾಟನ್ನೂ ಮಾಡಿದರು. ಕೆರೆಯ ಪಾಲನೆಗಾಗಿ ಬಿಟ್ಟ ‘ಬಿತ್ತುವಟ್ಟ’, ಕೆರೆ ಕಟ್ಟಿದವನಿಗೂ ಅವನ ಸಂತತಿಗೂ ನೀಡುತ್ತಿದ್ದ ‘ಕಟ್ಟುಕೊಡಗೆ’ ಅಥವಾ ‘ಕೆರೆಗೊಡಗೆ’, ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ರೂಪುಗೊಂಡ ‘ದಸವಂದ’ ಇವೆಲ್ಲ ಇಂಥ ಏರ್ಪಾಟುಗಳು. ಹೂಳು ಹೊರುವ ಬಂಡಿಗಳನ್ನೂ ಅವುಗಳನ್ನು ಎಳೆಯುವ ಕೋಣಗಳನ್ನೂ ಸಾಕುವುದಕ್ಕಾಗಿಯೇ ಭೂಮಿ ಬಿಟ್ಟ ಉದಾಹರಣೆಗಳಿವೆ. ಹುಟ್ಟದವರ ಪರವಾಗಿ ಇಂದಿನ ಬೆಳೆಯಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಡುವ ಕ್ರಮವಿದು. ಸದಾಶಯವನ್ನು ಲೆಕ್ಕಪತ್ರಕ್ಕೆ ತಂದು ಗಟ್ಟಿಗೊಳಿಸಿದುದು ಈ ಪರಂಪರೆಯ ವಿಶೇಷ.

ಹೂಳು, ನೀರುಗಂಟಿ ಮತ್ತು ವರ್ಷದ ಬಾಕಿ

ಕೆರೆಯು ತನ್ನಷ್ಟಕ್ಕೆ ಉಳಿಯುವ ವಸ್ತುವಲ್ಲ. ಪ್ರತಿ ಮಳೆಗಾಲವೂ ನೀರಿನೊಡನೆ ಹೂಳನ್ನು ತರುತ್ತದೆ. ಏರಿಯಲ್ಲಿ ಇಲಿ ಹೆಗ್ಗಣಗಳು ಬಿಲ ತೋಡುತ್ತವೆ. ಗಿಡಮರಗಳ ಬೇರು ಇಳಿಯುತ್ತದೆ. ತೂಬಿನ ಕಲ್ಲು ಸಡಿಲಗೊಳ್ಳುತ್ತದೆ. ಕೋಡಿಯ ಬಳಿ ಮಣ್ಣು ಕೊರೆಯುತ್ತದೆ. ಒಂದು ವರ್ಷದ ಹೂಳನ್ನು ತೆಗೆಯದಿದ್ದರೆ ಮುಂದಿನ ವರ್ಷಕ್ಕೆ ಅದು ಬಾಕಿಯಾಗಿ ಉಳಿಯುತ್ತದೆ. ಹತ್ತು ವರ್ಷದ ಬಾಕಿಯನ್ನು ಒಂದು ತಲೆಮಾರು ತೀರಿಸಬಹುದು. ಐವತ್ತು ವರ್ಷದ ಬಾಕಿ ಕೆರೆಯನ್ನೇ ನುಂಗುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳ ಒಣಗಿದಾಗ ರೈತರು ಗೋಡುಮಣ್ಣನ್ನು ಬಂಡಿಗಳಲ್ಲಿ ತುಂಬಿ ತಮ್ಮ ಹೊಲಗಳಿಗೆ ಹೊಡೆಯುತ್ತಿದ್ದರು. ಇದರಿಂದ ಕೆರೆಯ ಆಳ ಉಳಿಯುತ್ತಿತ್ತು, ಹೊಲಕ್ಕೆ ಗೊಬ್ಬರವೂ ಒದಗುತ್ತಿತ್ತು. ಇಂದಿನ ಲಾಭ ಮತ್ತು ನಾಳಿನ ಹೊಣೆ ಒಂದೇ ಕೆಲಸದಲ್ಲಿ ಕೂಡಿಬಂದುದರಿಂದಲೇ ಈ ಪದ್ಧತಿ ಶತಮಾನಗಳವರೆಗೆ ಬಾಳಿತು.

ಈ ವ್ಯವಸ್ಥೆಯ ಕೇಂದ್ರದಲ್ಲಿದ್ದವನು ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಯ ರಾತ್ರಿಗಳಲ್ಲಿ ಏರಿಯ ಮೇಲೆ ಕಾವಲಿರುವುದು ಅವನ ಕಾಯಕ. ಅನೇಕ ಕಡೆಗಳಲ್ಲಿ ಈ ಹೊಣೆಯನ್ನು ಹೊತ್ತವರು ಅಸ್ಪೃಶ್ಯರೆನಿಸಿಕೊಂಡ ಸಮುದಾಯದವರು. ನೀರನ್ನು ಹಂಚುವವನಿಗೆ ಸ್ವಂತ ಜಮೀನು ಇಲ್ಲದಿರುವುದರಿಂದ ಅವನು ಪಕ್ಷಪಾತ ಮಾಡಲಾರನೆಂಬ ಸಮರ್ಥನೆಯನ್ನು ಊರುಗಳು ಕೊಡುತ್ತಿದ್ದವು. ಅವನಿಗೆ ಸಲ್ಲುತ್ತಿದ್ದುದು ಸುಗ್ಗಿಯಲ್ಲಿ ಕಣದಿಂದ ಅಳೆದುಕೊಡುವ ಧಾನ್ಯ ಮಾತ್ರ. ಕೋಲಾರ ಸೀಮೆಯಲ್ಲಿ ರೂಢಿಯಲ್ಲಿದ್ದ ‘ದಾಮಾಶಾ’ ಪದ್ಧತಿಯೂ ಇಲ್ಲಿ ಉಲ್ಲೇಖಾರ್ಹ. ಕೆರೆ ಪೂರ್ತಿ ತುಂಬದ ವರ್ಷ ಅಚ್ಚುಕಟ್ಟಿನ ಒಂದು ಭಾಗವನ್ನು ಮಾತ್ರ ಸಾಗುವಳಿಗೆ ಗೊತ್ತುಪಡಿಸಿ, ಎಲ್ಲ ಹಿಡುವಳಿದಾರರಿಗೂ ಅವರವರ ಪ್ರಮಾಣಕ್ಕೆ ತಕ್ಕಂತೆ ಅದರಲ್ಲಿ ಪಾಲು ಕೊಡುವ ಕ್ರಮವಿದು. ಕೊರತೆಯನ್ನು ಕೆಲವರ ತಲೆಗೆ ಕಟ್ಟದೆ ಎಲ್ಲರೂ ಹಂಚಿಕೊಳ್ಳುವ ವಿವೇಕ ಇದರಲ್ಲಿದೆ.

ಆಚರಣೆಗಳು ಈ ಲೌಕಿಕ ವ್ಯವಸ್ಥೆಗೆ ಬೆಂಬಲವಾಗಿದ್ದವು. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗೆಪೂಜೆ ಮಾಡಿ ಬಾಗಿನ ಅರ್ಪಿಸುವ ಪದ್ಧತಿ ಇಂದಿಗೂ ಉಳಿದಿದೆ. ಬಾಗಿನವು ಮುತ್ತೈದೆಗೆ ಸಲ್ಲುವ ಕೊಡುಗೆ. ಅದನ್ನು ಕೆರೆಗೆ ಕೊಡುವುದೆಂದರೆ ಕೆರೆಯನ್ನು ಮನೆಯ ಹೆಣ್ಣುಮಗಳೆಂದು ಒಪ್ಪಿಕೊಂಡಂತೆ. ಏರಿಯ ಮೇಲಿನ ಕೆರೆಯಮ್ಮ, ಕೋಡಿಯ ಬಳಿಯ ಕೋಡಮ್ಮ ಮೊದಲಾದ ದೇವತೆಗಳು ಕೆರೆಯ ಅತ್ಯಂತ ದುರ್ಬಲ ಜಾಗಗಳಲ್ಲಿಯೇ ನೆಲೆಸಿರುವುದನ್ನು ಗಮನಿಸಬೇಕು. ವರ್ಷಕ್ಕೊಮ್ಮೆ ಪೂಜೆಗೆಂದು ಅಲ್ಲಿಗೆ ಹೋಗುವ ಊರವರ ಕಣ್ಣಿಗೆ ಬಿರುಕು, ಜಿನುಗುಗಳು ಬೀಳದೆ ಇರುತ್ತಿರಲಿಲ್ಲ.

ಬಲಿಯ ಕಥನಗಳು: ಹೊಣೆಯ ಬೆಲೆ ತೆತ್ತವರು ಯಾರು?

ಇಲ್ಲಿಯವರೆಗಿನ ವಿವರಗಳಿಂದ ಕೆರೆಯ ಪರಂಪರೆಯು ದೋಷರಹಿತವಾದುದೆಂಬ ಭಾವನೆ ಮೂಡಬಹುದು. ಜನಪದ ಸಾಹಿತ್ಯವು ಅಂಥ ಭಾವನೆಗೆ ಅವಕಾಶ ಕೊಡುವುದಿಲ್ಲ. ಶಾಸನಗಳು ಕಟ್ಟಿಸಿದವರ ಹೆಸರನ್ನು ಹೇಳಿದರೆ ಜನಪದರು ಬಲಿಯಾದವರ ಹೆಸರನ್ನು ಉಳಿಸಿಕೊಂಡರು.

‘ಕೆರೆಗೆ ಹಾರ’ ಕಥನಗೀತೆಯು ಕನ್ನಡಿಗರೆಲ್ಲರಿಗೂ ಪರಿಚಿತ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬೀಳುವುದಿಲ್ಲ. ಸೊಸೆಯನ್ನು ಬಲಿ ಕೊಡಬೇಕೆಂಬ ಮಾತು ಜೋಯಿಸರಿಂದ ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನದ ಹಿರಿತನಕ್ಕೆ ಧಕ್ಕೆಯೆಂದು ಬಗೆದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಆಕೆ ತವರಿಗೆ ಹೋಗಿ ಬರುತ್ತಾಳೆ; ಅಲ್ಲಿಯೂ ಆಕೆಗೆ ಬಿಡುಗಡೆಯಿಲ್ಲ. ಗಂಗೆಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಮರೆತ ಬಂಗಾರದ ಬಟ್ಟಲನ್ನು ತರಲು ಹೋದವಳನ್ನು ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಮುಳುಗಿಸುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಮರಳಿ ಬಂದು, ನಿಜವನ್ನರಿತು, ಅದೇ ಕೆರೆಗೆ ಹಾರುತ್ತಾನೆ.

ಕಟ್ಟಡಕ್ಕೆ ಹೆಣ್ಣನ್ನು ಬಲಿಕೊಡುವ ಆಶಯವು ಬಾಲ್ಕನ್ ದೇಶಗಳ ಸೇತುವೆ, ಕೋಟೆಗಳ ಲಾವಣಿಗಳಲ್ಲಿಯೂ ಇದೆ. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಈ ಆಶಯದ ಬಗೆಗಿನ ಅಧ್ಯಯನಗಳನ್ನು 1996ರಲ್ಲಿ ಒಂದು ಸಂಪುಟವಾಗಿ ತಂದರು. ಕನ್ನಡದ ಕಥನದಲ್ಲಿ ಎರಡು ಅಂಶಗಳು ಪ್ರಸ್ತುತ ಚರ್ಚೆಗೆ ಮುಖ್ಯವಾದವು. ಮೊದಲನೆಯದು ನಾಯಕಿಯ ಹೆಸರು. ಪುರಾಣದ ಭಗೀರಥನು ಸತ್ತ ಹಿರಿಯರಿಗಾಗಿ ನೀರನ್ನು ತಂದವನು. ಜನಪದದ ಭಾಗೀರಥಿಯು ಇನ್ನು ಹುಟ್ಟಬೇಕಾದವರಿಗಾಗಿ ನೀರಾದವಳು. ಎರಡನೆಯದು ಕಥನದ ಮುಕ್ತಾಯ. ಕೆರೆ ತುಂಬಿತೆಂಬ ಸಂತೋಷದಲ್ಲಿ ಕಥೆ ಮುಗಿಯುವುದಿಲ್ಲ. ಮುಂದಿನವರಿಗೆಂದು ಕಟ್ಟಿದ ಕೆರೆ ಮನೆಯ ಮುಂದಿನ ಕುಡಿಯನ್ನೇ ಇಲ್ಲವಾಗಿಸುತ್ತದೆ. ತಾಯಿಯಾಗಬಹುದಾಗಿದ್ದವಳೂ ತಂದೆಯಾಗಬಹುದಾಗಿದ್ದವನೂ ಅದರಲ್ಲಿ ಮುಳುಗುತ್ತಾರೆ. ಗಂಡಸರ ಪಂಚಾಯಿತಿ ಮಾಡಿದ ತೀರ್ಮಾನಕ್ಕೆ ಹಾಡಿದ ಹೆಂಗಸರು ಕೊಟ್ಟ ತೀರ್ಪು ಇದೆಂದು ಹೇಳಿದರೆ ತಪ್ಪಾಗಲಾರದು. ನಾಳಿನ ಒಳಿತಿನ ಹೆಸರಿನಲ್ಲಿ ಇಂದಿನ ದುರ್ಬಲರನ್ನು ಬಲಿಕೊಡುವುದು ಧರ್ಮವೇ ಎಂಬ ಪ್ರಶ್ನೆಯನ್ನು ಈ ಗೀತೆ ಉತ್ತರಿಸದೆ ಉಳಿಸಿದೆ.

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಐತಿಹ್ಯವೂ ಇದೇ ಬಗೆಯದು. ಕೆರೆ ಒಡೆಯುವ ಸ್ಥಿತಿಯಲ್ಲಿದ್ದಾಗ ಕೆರೆಯ ದೇವತೆ ನೀರುಗಂಟಿಗೆ ಮುನ್ಸೂಚನೆ ಕೊಡುತ್ತಾಳೆ. ಊರ ದೊರೆಗೆ ತಿಳಿಸಿ ತಾನು ಮರಳಿ ಬರುವವರೆಗೆ ಏರಿಯನ್ನು ಒಡೆಯಬಾರದೆಂದು ಅವನು ಮಾತು ಪಡೆದು ಓಡುತ್ತಾನೆ. ಸುದ್ದಿ ಕೇಳಿದ ದೊರೆಯು, ಅವನು ಎಂದಿಗೂ ಮರಳದಿದ್ದರೆ ಕೆರೆಯೂ ಎಂದಿಗೂ ಒಡೆಯದೆಂದು ಯೋಚಿಸಿ ಅವನನ್ನು ಕೊಲ್ಲಿಸುತ್ತಾನೆ. ದೇವತೆ ಇಂದಿಗೂ ಅವನಿಗಾಗಿ ಕಾಯುತ್ತಿದ್ದಾಳೆ ಎಂಬುದು ಕಥೆ. ಊರನ್ನು ಉಳಿಸಲು ಓಡಿಬಂದವನೇ ಊರಿನ ಬಲಿಯಾದ. ‘ಆಚಂದ್ರಾರ್ಕ’ದ ಭರವಸೆಯನ್ನು ಒಬ್ಬ ಸೇವಕನ ಜೀವದಿಂದ ಕೊಂಡುಕೊಂಡ ಈ ಐತಿಹ್ಯದಲ್ಲಿ ಅಧಿಕಾರದ ಜಾಣತನದ ಬಗೆಗೆ ಜನರಿಗಿದ್ದ ಅಸಮಾಧಾನ ಅಡಗಿದೆ. ಚನ್ನಗಿರಿ ತಾಲ್ಲೂಕಿನ ವಿಶಾಲವಾದ ಶಾಂತಿಸಾಗರವು ಇಂದಿಗೂ ಜನರ ಬಾಯಲ್ಲಿ ಸೂಳೆಕೆರೆಯಾಗಿ ಉಳಿದಿರುವುದರ ಹಿಂದೆ, ಕೆರೆಗಾಗಿ ತಮ್ಮ ನೆಲ ಬಿಟ್ಟುಕೊಟ್ಟ ಹೆಂಗಸರು ತಮ್ಮ ಹೆಸರನ್ನಾದರೂ ಉಳಿಸಬೇಕೆಂದು ಕೇಳಿದ ಐತಿಹ್ಯವಿದೆ. ನೆಲ ಕಳೆದುಕೊಂಡವರ ಹೆಸರು ಮರೆಯಬಾರದೆಂಬ ನ್ಯಾಯಪ್ರಜ್ಞೆ ಇಲ್ಲಿ ಕೆಲಸ ಮಾಡಿದೆ.

ಪರಂಪರೆಯಲ್ಲಿ ಬಿರುಕು

1866ರಲ್ಲಿ ಮೈಸೂರು ಸೀಮೆಯ ಕೆರೆಗಳನ್ನು ಕುರಿತು ಬರೆದ ಇಂಜಿನಿಯರ್ ರಿಚರ್ಡ್ ಸ್ಯಾಂಕಿಯು, ಹೊಸ ಕೆರೆಯೊಂದಕ್ಕೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟರ ಮಟ್ಟಿಗೆ ಸರಣಿ ಕೆರೆಗಳು ನಾಡನ್ನು ತುಂಬಿವೆಯೆಂಬ ಅಭಿಪ್ರಾಯವನ್ನು ದಾಖಲಿಸಿದನು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವ ಈ ಸರಪಳಿಯಲ್ಲಿ ಒಂದು ಊರಿನ ಅಲಕ್ಷ್ಯ ಇನ್ನೊಂದು ಊರಿನ ಸಂಕಟವಾಗುತ್ತಿತ್ತು. ವಸಾಹತು ಆಡಳಿತದಲ್ಲಿ ಕೆರೆಗಳು ಕ್ರಮೇಣ ಸರ್ಕಾರದ ಸ್ವತ್ತಾದವು. ಮಾನ್ಯ, ಕೊಡಗೆಗಳ ಸ್ವರೂಪ ಬದಲಾಯಿತು. ದುರಸ್ತಿಯ ಹೊಣೆ ಯಾರದೆಂಬ ವಿಷಯದಲ್ಲಿ ಊರಿಗೂ ಇಲಾಖೆಗೂ ನಡುವೆ ಗೊಂದಲ ಉಂಟಾಯಿತು. ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯಿತಿ ಕಾನೂನನ್ನು ತಂದು ಊರವರನ್ನು ಮತ್ತೆ ತೊಡಗಿಸಲು ಯತ್ನಿಸಿತಾದರೂ ಕಡಿದ ಕೊಂಡಿ ಪೂರ್ತಿಯಾಗಿ ಕೂಡಲಿಲ್ಲ. ಪೋರುಮಾಮಿಳ್ಳ ಶಾಸನ ಹೇಳಿದ ಗಡಿಯ ದೋಷ ಈಗ ಊರು ಮತ್ತು ಸರ್ಕಾರಗಳ ನಡುವೆ ಕಾಣಿಸಿಕೊಂಡಿತು.

ಸ್ವಾತಂತ್ರ್ಯಾನಂತರ ದೊಡ್ಡ ಅಣೆಕಟ್ಟುಗಳತ್ತ ಗಮನ ಹರಿದು, 1970ರ ದಶಕದ ಬಳಿಕ ಕೊಳವೆಬಾವಿಗಳು ವ್ಯಾಪಕವಾದವು. ಕೆರೆ ಮತ್ತು ಕೊಳವೆಬಾವಿಗಳ ನಡುವಿನ ವ್ಯತ್ಯಾಸವು ತಂತ್ರಜ್ಞಾನದ್ದಷ್ಟೇ ಅಲ್ಲ. ಅದು ಕಾಲದ ಕುರಿತ ದೃಷ್ಟಿಯ ವ್ಯತ್ಯಾಸವೂ ಹೌದು. ಕೆರೆಯು ಆಯಾ ವರ್ಷದ ಮಳೆಯನ್ನು ಹಿಡಿದು, ಒಂದಿಷ್ಟನ್ನು ಬೆಳೆಗೆ ಕೊಟ್ಟು, ಇನ್ನೊಂದಿಷ್ಟನ್ನು ನೆಲದೊಳಕ್ಕೆ ಇಳಿಸುತ್ತದೆ. ಆಳದ ಕೊಳವೆಬಾವಿಯು ದೀರ್ಘಕಾಲದಿಂದ ಬಂಡೆಗಳ ಬಿರುಕಿನಲ್ಲಿ ಸಂಗ್ರಹವಾದುದನ್ನು ಕೆಲವೇ ವರ್ಷಗಳಲ್ಲಿ ಮೇಲಕ್ಕೆತ್ತುತ್ತದೆ. ಒಂದು ಊರೆಲ್ಲರದು, ಇನ್ನೊಂದು ಹಣವುಳ್ಳ ಒಬ್ಬನದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಲ್ಲಿ ಮಾತಿಗೆ ಮಾತಾಗಿ ಅನ್ವಯಿಸುತ್ತದೆ. ನಿತ್ಯ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿ ಬದುಕಿದ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳದ ಕೊಳವೆಬಾವಿಗಳು, ನೀರಿನಲ್ಲಿ ಫ್ಲೋರೈಡ್, ಒಣಗಿದ ಕೆರೆಯಂಗಳಗಳು ಸಾಮಾನ್ಯ ದೃಶ್ಯಗಳಾದವು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ ಆರಂಭವಾಯಿತು. ಬರಿದಾದ ಕೆರೆಗಳು ತುಂಬಿದವು, ಅಂತರ್ಜಲವೂ ಏರಿತು. ಆದರೆ ಸಂಸ್ಕರಣೆಯ ಮಟ್ಟ ಸಾಲದೆಂಬ ಆಕ್ಷೇಪ ನ್ಯಾಯಾಲಯದವರೆಗೂ ಹೋಯಿತು. ಹಿರಿಯರು ಮಳೆನೀರಿಗೆಂದು ಕಟ್ಟಿದ ಕೆರೆಗಳಲ್ಲಿ ಈಗ ಮಹಾನಗರವು ಬಳಸಿಬಿಟ್ಟ ನೀರು ನಿಂತಿದೆ.

ಬೆಂಗಳೂರಿನ ಉದಾಹರಣೆ ಇನ್ನೂ ಕಟುವಾದುದು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗ ಮಹೋತ್ಸವದ ವಿಧಿಗಳಿಗಾಗಿ ಸಂಪಂಗಿ ಕೆರೆಯ ಒಂದು ಸಣ್ಣ ಕೊಳ ಮಾತ್ರ ಉಳಿದುಕೊಂಡಿದೆ. ನಗರಾಡಳಿತದ ನಕ್ಷೆಯಿಂದ ಅಳಿಸಿಹೋದ ಕೆರೆಯೊಂದನ್ನು ತಿಗಳ ಸಮುದಾಯದ ಆಚರಣೆಯು ಅಷ್ಟರ ಮಟ್ಟಿಗಾದರೂ ಉಳಿಸಿತೆಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಮಹತ್ವದ ಸಂಗತಿ. 1980ರ ದಶಕದ ಮಧ್ಯದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿಯು ನಗರದ ಕೆರೆಗಳನ್ನು ಉಳಿಸಲು ಶಿಫಾರಸು ಮಾಡಿದ ಬಳಿಕವೂ ರಾಜಕಾಲುವೆಗಳ ಒತ್ತುವರಿ ನಿಲ್ಲಲಿಲ್ಲ. ಬೆಳ್ಳಂದೂರು ಕೆರೆಯಲ್ಲಿ 2015, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಬೀಳುವುದೆಂಬುದು ಹಿಂದೆ ಕಾಲಜ್ಞಾನದ ಮಾತಿನಂತೆ ಕೇಳಿಸುತ್ತಿದ್ದುದು. ಅದೀಗ ಅಗ್ನಿಶಾಮಕ ದಳದ ದಾಖಲೆಗೆ ಸೇರಿತು. ಕೆರೆಯ ಅಂಚಿನಿಂದ 75 ಮೀಟರ್ ಮೀಸಲು ವಲಯವಿರಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. 2024ರ ಬೇಸಿಗೆಯಲ್ಲಿ ನಗರವು ಕುಡಿಯುವ ನೀರಿಗಾಗಿ ಪರದಾಡಿದಾಗ ಕಳೆದುಹೋದ ಕೆರೆಗಳ ನೆನಪು ಮತ್ತೆ ಮರಳಿತು.

ಹೊಸ ಕಾಲದ ಸಂತಾನ

ಸಪ್ತಸಂತಾನದ ಭಾವನೆ ಶಾಸನಗಳೊಡನೆ ಮುಗಿದುಹೋಗಲಿಲ್ಲ ಎಂಬುದಕ್ಕೆ ಸಾಲುಮರದ ತಿಮ್ಮಕ್ಕನವರ ಬದುಕು ಸಾಕ್ಷಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಈ ಕೂಲಿ ಹೆಣ್ಣುಮಗಳು ಮಕ್ಕಳಿಲ್ಲವೆಂಬ ಕೊರಗನ್ನು ಪತಿ ಚಿಕ್ಕಯ್ಯನವರೊಡನೆ ಸೇರಿ ಆಲದ ಸಸಿಗಳನ್ನು ನೆಡುವುದರಲ್ಲಿ ಮರೆತರು. ಮೊದಲ ವರ್ಷ ಹತ್ತು ಸಸಿ, ಮುಂದಿನ ವರ್ಷ ಇನ್ನಷ್ಟು ಎಂಬಂತೆ ಕುದೂರಿನ ದಾರಿಯುದ್ದಕ್ಕೂ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ 385 ಮರಗಳನ್ನು ಬೆಳೆಸಿದರು. ಶಾಸನ ಓದಲು ಬಾರದ ತಾಯಿಯೊಬ್ಬರು ಮರಗಳನ್ನು ಮಕ್ಕಳೆಂದು ಕರೆದಾಗ, ಉಪವನವನ್ನು ಸಂತಾನವೆಂದ ಪರಂಪರೆ ಅವರ ಬಾಯಲ್ಲಿ ಮರುಹುಟ್ಟು ಪಡೆಯಿತು. ಆದರೆ ಶಾಸನದಲ್ಲಿ ಅದು ಉಳ್ಳವರ ಪುಣ್ಯಕಾರ್ಯ. ಇಲ್ಲಿ ಇಲ್ಲದವರ ಬೆವರು. ಬಂಜೆಯೆಂದು ಹಳಿದ ಸಮಾಜಕ್ಕೆ ನೆರಳು ಕೊಟ್ಟದ್ದು ಅವರ ಉತ್ತರವಾಗಿತ್ತು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಗೆ ಆ ಮರಗಳು ಬಲಿಯಾಗುವ ಭೀತಿ ಎದುರಾಗಿ, ಶತಾಯುಷಿಯಾಗಿದ್ದ ತಿಮ್ಮಕ್ಕನವರು ಮುಖ್ಯಮಂತ್ರಿಯವರಲ್ಲಿ ಮೊರೆಯಿಟ್ಟರು. ಮರಗಳನ್ನು ಉಳಿಸುವ ಭರವಸೆ ದೊರೆಯಿತು. ನೆಟ್ಟವರೇ ಮತ್ತೆ ಕಾಯಲೂ ಬರಬೇಕಾಯಿತು. 2025ರ ನವೆಂಬರಿನಲ್ಲಿ ಅವರು ನಿಧನರಾದರು. ಇನ್ನು ಕಾಯುವ ಸರದಿ ಉಳಿದವರದು.

ಉಪಸಂಹಾರ

ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳಬಾರದೆಂದು ಗಾದೆ ಎಚ್ಚರಿಸುತ್ತದೆ. ಕೆರೆಯ ಪರಂಪರೆಯನ್ನು ಕುರುಡಾಗಿ ಮರುಸ್ಥಾಪಿಸಬೇಕೆಂಬುದು ಈ ಚರ್ಚೆಯ ಫಲಿತವಲ್ಲ. ಬಿಟ್ಟಿ ದುಡಿಮೆ, ಜಾತಿಯ ಶ್ರೇಣಿ, ಹೆಣ್ಣಿನ ಬಲಿ ಆ ಪರಂಪರೆಯೊಳಗೆ ಸೇರಿಯೇ ಇದ್ದವು. ಆದರೆ ಮರ ಅಜ್ಜನದೆಂಬ ಕಾರಣಕ್ಕೆ ಅದನ್ನು ಕಡಿದುಹಾಕುವುದೂ ಗಾದೆಯ ಅರ್ಥವಲ್ಲ.

ಈ ಪರಂಪರೆಯಿಂದ ಮೂರು ತಿಳಿವಳಿಕೆಗಳು ದೊರೆಯುತ್ತವೆ. ಮುಂದಿನವರ ಕುರಿತ ಹೊಣೆಯು ದಯೆಯಲ್ಲ, ಹಿಂದಿನವರಿಂದ ಬಂದ ಸಾಲದ ತೀರುವಳಿ ಎಂಬುದು ಮೊದಲನೆಯದು. ಆ ಹೊಣೆ ಘೋಷಣೆಯಿಂದ ತೀರುವುದಿಲ್ಲ. ಅದಕ್ಕೆ ವರ್ಷವರ್ಷದ ದುಡಿಮೆ ಮತ್ತು ಆದಾಯದ ಮೀಸಲು ಪಾಲು ಬೇಕೆಂಬುದು ಎರಡನೆಯದು. ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಕೇಳದೆ ಹೊಣೆಯ ಮಾತನ್ನಾಡಬಾರದೆಂಬುದು ಮೂರನೆಯದು. ಮೊದಲೆರಡನ್ನು ಶಾಸನಗಳೂ ರೂಢಿಗಳೂ ಕಲಿಸುತ್ತವೆ. ಮೂರನೆಯದನ್ನು ಜನಪದ ಕಥನಗಳು ಕಲಿಸುತ್ತವೆ. ಹಿಂದೆ ನಾಳಿನ ನೀರಿಗಾಗಿ ಮನೆಯ ಕಿರಿಯ ಸೊಸೆಯನ್ನು ಬಲಿಕೊಟ್ಟರು. ಇಂದು ಇಂದಿನ ನೀರಿಗಾಗಿ ನಾಳೆ ಹುಟ್ಟುವವರನ್ನು ಬಲಿಕೊಡಲಾಗುತ್ತಿದೆ. ಎರಡೂ ಸಂದರ್ಭಗಳಲ್ಲಿ ಬಲಿಯಾದವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ.

ಕರ್ನಾಟಕದಲ್ಲಿ ಇಂದಿಗೂ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳು ದಾಖಲೆಗಳಲ್ಲಿವೆ. ಅವುಗಳಲ್ಲಿ ಎಷ್ಟೋ ಕೆರೆಗಳ ಏರಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿದ ಕಲ್ಲುಗಳು ನಿಂತಿವೆ. ಆ ಕಲ್ಲುಗಳು ಮಾತನಾಡುತ್ತಿರುವುದು ತಮ್ಮ ಕಾಲದವರೊಡನೆ ಅಲ್ಲ, ಮುಂದೆ ಬರುವವರೊಡನೆ. ಅವು ಕಾಯುತ್ತಿದ್ದ ಮುಂದಿನವರೆಂದರೆ ಇಂದಿನ ತಲೆಮಾರಿನವರೇ. ಆ ಕೋರಿಕೆಯನ್ನು ನಡೆಸಿಕೊಟ್ಟು, ಹೂಳು ತೆಗೆದ ಕೆರೆಯೊಡನೆ ಅದೇ ಕೋರಿಕೆಯನ್ನು ತಮ್ಮ ನಂತರದವರ ಕೈಗೆ ಒಪ್ಪಿಸುವುದು ಈ ತಲೆಮಾರಿನ ಪಾಲಿಗೆ ಬಂದಿರುವ ಕೆಲಸ.